ಎರೆಗೊಂದು ಇಲಿ, ಮಸಾರಿಗೊಂದು ಇಲಿ

ಧಾರವಾಡದಿಂದ ಪೂರ್ವಕ್ಕೆ ನವಲಗುಂದದ ದಾರಿ ಹಿಡಿದರೆ ಎರೆ ಹೊಲ, ಪಡುವಣಕ್ಕೆ ತಿರುಗಿದರೆ ಕೆಂಪು ಮಸಾರಿ. ಈ ಭೇದ ರೈತರಿಗೆ ಗೊತ್ತು, ಬೀಜದಂಗಡಿಯವರಿಗೆ ಗೊತ್ತು, ಇಲಿಗಳಿಗೆ ಇನ್ನೂ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ನಾವು, ನಿಸರ್ಗಪ್ರಿಯರು. ಹೊಲದಲ್ಲಿ ಸರಕ್ಕನೆ ಓಡಿದ್ದನ್ನೆಲ್ಲ ‘ಇಲಿ’ ಎಂದು ಮುಗಿಸಿಬಿಡುತ್ತೇವೆ. ಕಾಗೆ, ಗಿಡುಗ, ಮಿಂಚುಳ್ಳಿ ಮೂರನ್ನೂ ‘ಹಕ್ಕಿ’ ಎಂದು ಬರೆದು ಡೈರಿ ಮುಚ್ಚಿದ ಹಾಗಾಯಿತು ಇದು.

ಮಸಾರಿಯಿಂದಲೇ ಶುರುಮಾಡೋಣ. ಸುಗ್ಗಿ ಮುಗಿದ ಮೇಲೆ ಗರಸು ಬದುವಿನ ಪಕ್ಕ ಮೊಣಕಾಲೂರಿ ಕೂತು ನೋಡಿ. ಹೆಬ್ಬೆರಳು ತೂರುವಷ್ಟೇ ಬಿಲ. ಅದರ ಬಾಯಿಯ ಮುಂದೆ ಹರಳುಕಲ್ಲಿನ ಒಂದು ಪುಟ್ಟ ರಾಶಿ. ಮಳೆನೀರು ತಂದು ಸುರಿದದ್ದಾದರೆ ಕಲ್ಲುಗಳು ಸಣ್ಣದು ದೊಡ್ಡದು ಬೆರೆತಿರುತ್ತವೆ, ಇಳಿಜಾರಿಗೆ ಹರಡಿರುತ್ತವೆ. ಇಲ್ಲಿ ಹಾಗಿಲ್ಲ. ಬಾಯಲ್ಲಿ ಕಚ್ಚಿ ತರಬಹುದಾದ ಗಾತ್ರದವು ಮಾತ್ರ ಆಯ್ದು ಬಂದಿವೆ. ಇದು ಮುಳ್ಳುಗೂದಲಿನ ಕಂದು ಇಲಿಯ ಮನೆ. ಶಾಸ್ತ್ರದ ಪುಸ್ತಕದಲ್ಲಿ ಮಸ್ ಪ್ಲಾಟಿಥ್ರಿಕ್ಸ್. ಬೆನ್ನ ಮೇಲಿನ ಕೂದಲು ಚಪ್ಪಟೆ ಮುಳ್ಳುಗಳಂತಿದ್ದು, ತಲೆಯಿಂದ ಬಾಲದ ಕಡೆಗೆ ಒತ್ತಾಗಿ ಮಲಗಿರುತ್ತವೆ. ಇಲಿ ಒಳಗಿದ್ದಾಗ ಬಾಗಿಲು ಈ ಕಲ್ಲುಗಳಿಂದಲೇ ಮುಚ್ಚಿರುತ್ತದೆ. ಒಳಗೆ ಅಗೆದು ನೋಡಿದವರು ಕೋಣೆಯಲ್ಲಿಯೂ ಕಲ್ಲಿನ ಹಾಸಿಗೆ ಕಂಡದ್ದನ್ನು ಬರೆದಿದ್ದಾರೆ.

ಬರೆದವರು ವಾಲ್ಟರ್ ಎಲಿಯಟ್. ಈ ಹೆಸರು ನಮಗೆ ಬೇರೆ ಕಡೆಯಿಂದ ಪರಿಚಯ: 1824ರ ಕಿತ್ತೂರು ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಮೇಲೆ ಸೆರೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಶಾಸನ ಸಂಗ್ರಹದವರಿಗೂ ಗೊತ್ತಿರುವ ಮನುಷ್ಯ. ಆದರೆ 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಆತ ಪ್ರಕಟಿಸಿದ, ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಓದುವವರು ಕಡಿಮೆ. ಹೆಸರಿಗೆ ಪಟ್ಟಿ. ನನ್ನ ಮಟ್ಟಿಗೆ ನಮ್ಮ ಹೊಲದ ಇಲಿಗಳ ಬಗ್ಗೆ ಅದಕ್ಕಿಂತ ಒಳ್ಳೆಯ ಗದ್ಯ ಇವತ್ತಿಗೂ ಬಂದಿಲ್ಲ. ಅದರ ಜೀವಾಳ ಎಲಿಯಟ್‌ನದಲ್ಲ. ಮಣ್ಣು ಕಲ್ಲಿನ ಕೆಲಸ ಮಾಡುತ್ತ, ಬಿಲ ಅಗೆಯುತ್ತ ಬದುಕಿದ ವಡ್ಡರದು. ಯಾವ ಇಲಿ ಯಾವ ಮಣ್ಣಲ್ಲಿ, ಎಷ್ಟು ಆಳದಲ್ಲಿ ಎಂಬುದೆಲ್ಲ ಅವರ ತಿಳಿವಳಿಕೆ. ಅವರು ಹೇಳಿದ ಲೆಗ್ಗಡ, ಇಲ್ಲಿಯದೇ ಇನ್ನೊಂದು ಹೆಸರು ಗೋಲುಂಡ, ಎರಡೂ 1837ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಕೈಯಲ್ಲಿ ಶಾಸ್ತ್ರನಾಮಗಳಾದವು. ಹೇಳಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಈಗ ಎರೆ ಹೊಲಕ್ಕೆ ಬನ್ನಿ. ಇಲ್ಲಿಯದು ಮೆತ್ತನೆ ಕೂದಲಿನ ಮೆಟ್ಟಾಡ, ಮಿಲ್ಲಾರ್ಡಿಯಾ ಮೆಲ್ಟಾಡ. ಇದು ಬಿಲ ತೋಡುವುದರಲ್ಲಿ ಸೋಮಾರಿ. ಗಿಡದ ಬುಡದಲ್ಲಿ ಒಂದಿಷ್ಟು ಕೆದರಿಕೊಂಡರೆ ಹೆಚ್ಚು. ಹೊಲದ ಹೆಗ್ಗಣ ಬಿಟ್ಟುಹೋದ ಬಿಲ ಸಿಕ್ಕರೆ ಅದರಲ್ಲಿ ಸಂಸಾರ. ಬೇಸಿಗೆಯಲ್ಲಂತೂ ಆ ಕಷ್ಟವೂ ಬೇಡ. ಎರೆ ಒಣಗಿ ಕಾಲು ಸಿಕ್ಕಿಬೀಳುವಷ್ಟು ಅಗಲಕ್ಕೆ ಬಿರಿಯುತ್ತದಲ್ಲ, ಆ ಬಿರುಕೇ ಮನೆ, ಬೀದಿ ಎಲ್ಲ. ಮುಂಗಾರು ಬೀಳುತ್ತಿದ್ದಂತೆ ಎರೆ ನೀರು ಕುಡಿದು ಉಬ್ಬುತ್ತದೆ, ಬಿರುಕು ಕೂಡಿಕೊಳ್ಳುತ್ತದೆ. ಒಳಗಿದ್ದವು ಅಲ್ಲಿಯೇ ಸಾಯುತ್ತವೆ. ಪ್ರತಿ ವರ್ಷ ಹೀಗೆ ಬಹಳ ಇಲಿಗಳು ನಾಶವಾಗುತ್ತವೆ ಎಂದು ಎಲಿಯಟ್ ದಾಖಲಿಸಿದ್ದಾನೆ.

ಹಾವು, ಗೂಬೆ, ನರಿ, ಕಾಡುಬೆಕ್ಕುಗಳು ಇಲಿಯನ್ನು ಹದ್ದುಬಸ್ತಿನಲ್ಲಿಡುತ್ತವೆ ಎಂದು ಶಾಲೆಯ ಪಾಠದಲ್ಲಿ ಓದಿದ್ದೇವೆ. ಸರಿ. ಆದರೆ ಎರೆ ಸೀಮೆಯಲ್ಲಿ ಮಣ್ಣೂ ಆ ಸಾಲಿಗೆ ಸೇರಬೇಕು. 1826ರಲ್ಲಿ ಮಳೆ ತಡವಾಯಿತು, ಸಾಲದಾಯಿತು. ಮೆಟ್ಟಾಡ ಎಷ್ಟು ಹೆಚ್ಚಿದವೆಂದರೆ ಬಿತ್ತಿದ ಬೀಜವನ್ನು ಬಿತ್ತಿದಲ್ಲೇ ತಿಂದವು. ಬೆಳೆದು ನಿಂತ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಳಗೆ ಕೆಡವಿ ತಿಂದವು. ಕಂದಾಯ ಕಟ್ಟಲಾಗದ ರೈತರು ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ವಡ್ಡರಿಗೆ ಕೊಟ್ಟು ಕೊಲ್ಲಿಸಿದರು. ಸಾವಿರಗಟ್ಟಲೆ ಸತ್ತರೂ ಸಂಖ್ಯೆ ಇಳಿದದ್ದು ಕಾಣಲಿಲ್ಲ. 1876–78ರ ದೊಡ್ಡ ಬರದ ಬೆನ್ನಿಗೇ ದಖ್ಖನ್ನಿನಲ್ಲಿ ಮತ್ತೆ ಇಲಿ ಹಾವಳಿ ಬಂತು. ಬರಕ್ಕೂ ಇಲಿಗೂ ಇರುವ ನಂಟನ್ನು ದೈವದ ಸಿಟ್ಟು ಎಂದವರಿದ್ದಾರೆ. ನನಗೆ ಕಾಣುವ ಕಾರಣ ಸರಳ: ಸಮಯಕ್ಕೆ ಮಳೆ ಬಾರದಿದ್ದರೆ ಬಿರುಕು ಮುಚ್ಚುವುದಿಲ್ಲ, ವರ್ಷಕ್ಕೊಮ್ಮೆ ಬೀಳಬೇಕಾದ ಕತ್ತರಿ ಬೀಳುವುದಿಲ್ಲ. ಮೂರು ವಾರದ ಆಸುಪಾಸಿನಲ್ಲಿ ಗರ್ಭ ಮುಗಿಸಿ ಮರಿಹಾಕುವ ಜೀವಿಗೆ ಒಂದು ಕತ್ತರಿ ತಪ್ಪಿದರೆ ಸಾಕು. ಕೋಲು ಹಿಡಿದು ಅದನ್ನು ಸರಿದೂಗಿಸಲು ಆಗುವುದಿಲ್ಲ.

ಪೊದೆಯಲ್ಲಿ ಹುಲ್ಲಿನ ಗೂಡು ಕಟ್ಟುವ ಗೋಲುಂಡದ ಕಥೆ ಇನ್ನೊಂದು ವಾರಕ್ಕೆ ಇರಲಿ.

ಮುಳ್ಳಿಲಿಯ ಹೊಲಗಳಲ್ಲಿ ಇನ್ನೊಂದು ಸಣ್ಣದಿದೆ, ಮಸ್ ಬೂದುಗ, ಹತ್ತು ಗ್ರಾಂ ಆಸುಪಾಸಿನ ಜೀವ. ಅಕ್ಕಪಕ್ಕದ ಬದುವಿನಲ್ಲಿ ಇರುವುದರಿಂದ ಇವೆರಡೂ ಹತ್ತಿರದ ದಾಯಾದಿಗಳು ಅನಿಸುತ್ತದೆ. ಅಲ್ಲ. ಬೂದುಗಕ್ಕೆ ಹತ್ತಿರದ ನೆಂಟ ನಿಮ್ಮ ಅಡುಗೆಮನೆಯ ಚಿಟ್ಟಿಲಿ; ಎರಡಕ್ಕೂ 40 ವರ್ಣತಂತುಗಳು. ಮುಳ್ಳಿಲಿಗೆ 26. ಬೂದುಗವನ್ನೇ ಹೋಲುವ ಮಸ್ ಟೆರಿಕಲರ್ ಎಂಬುದೂ ಒಂದಿದೆ. ಅದಕ್ಕೂ ನಲವತ್ತೇ, ಆದರೆ ಲಿಂಗ ನಿರ್ಧರಿಸುವ ವರ್ಣತಂತುಗಳ ಆಕಾರ ಬೇರೆ. ಕಣ್ಣು ಸೋತಲ್ಲಿ ಸೂಕ್ಷ್ಮದರ್ಶಕ ಗೆದ್ದ ಪ್ರಕರಣ ಇದು, ಮತ್ತು ಈ ಕೆಲಸದಲ್ಲಿ 1970ರ ದಶಕದ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಳ್ಳೆಯ ಪಾಲಿದೆ.

ಈ ಇಲಿಗಳ ಮನೆತನದ ಹಳೆಯ ದಾಖಲೆ ಇರುವುದು ಈಗಿನ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯ ಶಿವಾಲಿಕ್ ಪದರಗಳಲ್ಲಿ. ಅಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ಸಣ್ಣ ಕಣ್ಣಿನ ಜರಡಿ ಹಿಡಿದರೆ ಉಳಿಯುವುದು ಎರಡು ಮಿಲಿಮೀಟರ್ ಕೂಡ ಇಲ್ಲದ ದವಡೆ ಹಲ್ಲುಗಳು. ಅವುಗಳ ಮೇಲಿನ ಗುಬಟುಗಳು ಸಾಲುಗೂಡುತ್ತ ಹೋದದ್ದನ್ನು ಪದರದಿಂದ ಪದರಕ್ಕೆ ಓದಬಹುದು. ಸುಮಾರು 1.4 ಕೋಟಿ ವರ್ಷ ಹಿಂದಿನ ಆಂಟೆಮಸ್, ಆಮೇಲಿನ ಪ್ರೊಗೊನೊಮಿಸ್, ಕೊನೆಗೆ ಲೂಯಿಸ್ ಜೇಕಬ್ಸ್ 1978ರಲ್ಲಿ ಹೆಸರಿಟ್ಟ ಮಸ್ ಆಕ್ಟರ್. ಚಿಟ್ಟಿಲಿಯೂ ದೊಡ್ಡ ಇಲಿಯೂ ಕವಲೊಡೆದು ಸುಮಾರು 1.2 ಕೋಟಿ ವರ್ಷವಾಯಿತು ಎಂದು ಡಿಎನ್ಎ ಪಂಡಿತರು ತಮ್ಮ ಗಡಿಯಾರಕ್ಕೆ ಮುಳ್ಳು ಕೂಡಿಸಿದ್ದು ಬಹುಮಟ್ಟಿಗೆ ಈ ಹಲ್ಲುಗಳನ್ನು ನಂಬಿಯೇ. ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ತಿರುಗುವ ಬಿಳಿ ಇಲಿಯ ವಂಶಾವಳಿ ನಮ್ಮ ಉಪಖಂಡದ ಕೆಸರಿನಲ್ಲಿ ಶುರುವಾಗುತ್ತದೆ.

ಆಫ್ರಿಕಕ್ಕೆ ಹೋದ ಕವಲಿನ ಪುಟಾಣಿ ಇಲಿಯೂ ಬಿಲದ ಬಾಯಿಗೆ ಕಲ್ಲು ಪೇರಿಸುತ್ತದೆ. ರಾತ್ರಿ ಕಲ್ಲಿನ ಮೇಲೆ ಕೂರುವ ಇಬ್ಬನಿಯನ್ನು ಕುಡಿಯುತ್ತದೆ ಎಂಬುದು ಅಲ್ಲಿಯವರ ವಿವರಣೆ. ನಮ್ಮ ಮುಳ್ಳಿಲಿಗೆ ಅದನ್ನು ಹಾಗೇ ಅಂಟಿಸಲು ನನಗೆ ಮನಸ್ಸಿಲ್ಲ. ಮುಚ್ಚಿದ ಬಾಗಿಲು ಒಳಗಿನ ತೇವವನ್ನು ಹಿಡಿದಿಡುತ್ತದೆ, ಬಿರುಬಿಸಿಲನ್ನು ಹೊರಗಿಡುತ್ತದೆ. ಮಸಾರಿಯ ಏಪ್ರಿಲ್‌ಗೆ ಅಷ್ಟು ಕಾರಣ ಸಾಕು.

ಈ ಹವ್ಯಾಸಕ್ಕೆ ಇಳಿಯುವ ಮನಸ್ಸಿದ್ದರೆ ಕಾಲ ಇದೇ, ಮುಂಗಾರಿಗೆ ಮುಂಚಿನ ವಾರಗಳು. ಹೊಲದವರನ್ನು ಕೇಳಿಕೊಂಡೇ ಬದು ಹತ್ತಿ. ಮೊದಲು ಮಣ್ಣಿನ ಬಣ್ಣ ಬರೆದುಕೊಳ್ಳಿ, ಆಮೇಲೆ ಬಿಲದ ಅಳತೆ. ಕಲ್ಲಿನ ರಾಶಿ ಕೆದಕಬೇಡಿ. ಇಲಿಯನ್ನಾಗಲಿ, ಅದರ ಹಿಕ್ಕೆಯನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ, ಇಲಿಜ್ವರ ತಮಾಷೆಯಲ್ಲ. ಹಾಳು ಗುಡಿಯಲ್ಲೋ ಹಳೆಯ ವಾಡೆಯಲ್ಲೋ ಕಣಜ ಗೂಬೆ ಕಕ್ಕಿದ ಉಂಡೆಗಳು ಸಿಕ್ಕರೆ ಕೈಗವಸು ಹಾಕಿಕೊಂಡು ನೀರಲ್ಲಿ ನೆನೆಸಿ ಬಿಡಿಸಿ. ಆ ಸೀಮೆಯ ಇಲಿಗಳೆಲ್ಲ ತಲೆಬುರುಡೆ ಸಮೇತ ಅದರೊಳಗಿರುತ್ತವೆ. ಮತ್ತೆ ಹೊಲದೊಡೆಯರಲ್ಲಿ ಒಂದು ಮಾತು: ಬದುವಿನ ಬಿಲಕ್ಕೆಲ್ಲ ವಿಷದ ಕಾಳು ಸುರಿಯುವ ಮೊದಲು ಬಾಗಿಲು ನೋಡಿ. ತೆನೆ ಕದ್ದು ಕಣಜ ತುಂಬಿಕೊಳ್ಳುವುದು ಹೊಲದ ಹೆಗ್ಗಣ, ಅದರ ಬಿಲದ ಬಾಯಲ್ಲಿ ಮಣ್ಣಿನ ಗುಡ್ಡೆ ಇರುತ್ತದೆ. ಹರಳುಕಲ್ಲು ಇದ್ದರೆ ಬಿಟ್ಟುಬಿಡಿ.