ವರದಿ ನಿಂತಲ್ಲಿಂದ: ಅರವಿಂದ ಅಡಿಗರನ್ನು ಓದುವ ಬಗೆ

ಪತ್ರಕರ್ತರ ಕಾದಂಬರಿ ಕೈಗೆತ್ತಿಕೊಂಡಾಗ ‘ಇದು ನಿಜಕ್ಕೂ ನಡೆದದ್ದೇ?’ ಎಂದು ಕೇಳುವುದು ವಾಡಿಕೆ. ಅರವಿಂದ ಅಡಿಗರನ್ನು ಹೊಸದಾಗಿ ಓದುವವರು ಆ ಪ್ರಶ್ನೆಯನ್ನು ಬದಿಗಿಡಿ. ವರದಿಯಲ್ಲಿ ಜಾಗ ಸಿಗದ ಯಾವ ಸಂಗತಿ ಇಲ್ಲಿ ಬಂದಿದೆ ಎಂದು ನೋಡಿ; ರುಚಿ ಹತ್ತುವುದು ಅಲ್ಲಿ.

ಅಡಿಗರು ಬೆಳೆದದ್ದು ಮಂಗಳೂರಿನಲ್ಲಿ. ಕೆನರಾ ಹೈಸ್ಕೂಲು, ಸಂತ ಅಲೋಶಿಯಸ್ ಮುಗಿಸಿ ಸಿಡ್ನಿಗೆ ಹೋದರು. ಕೊಲಂಬಿಯಾ, ಆಕ್ಸ್‌ಫರ್ಡ್‌ಗಳಲ್ಲಿ ಓದಿದರು. ‘ಟೈಮ್’ ಪತ್ರಿಕೆಯ ವರದಿಗಾರರಾಗಿ ಭಾರತ ಸುತ್ತಿದರು. ಮೊದಲ ಕಾದಂಬರಿ ‘ದ ವೈಟ್ ಟೈಗರ್’ 2008ರ ಬುಕರ್ ಗೆದ್ದು ಜಗತ್ತಿನೆಲ್ಲೆಡೆ ಮಾರಾಟವಾಯಿತು. ಆಗ ಅವರಿಗೆ 33 ವರ್ಷ.

ಆದರೂ ಮಂಗಳೂರಿನವರು ‘ಬಿಟ್ವೀನ್ ದ ಅಸಾಸಿನೇಷನ್ಸ್’ನಿಂದಲೇ ಶುರುಮಾಡುವುದು ಒಳ್ಳೆಯದು. 1984ರ ಇಂದಿರಾ ಹತ್ಯೆ ಮತ್ತು 1991ರ ರಾಜೀವ್ ಹತ್ಯೆಯ ನಡುವಿನ ವರ್ಷಗಳಲ್ಲಿ, ಕಿಟ್ಟೂರು ಎಂಬ ಕಲ್ಪಿತ ಕರಾವಳಿ ಊರಿನ ಕತೆಗಳಿವು. ಬಂದರು, ಬಜಪೆ, ಸುಲ್ತಾನ್ ಬತ್ತೇರಿ, ಲೈಟ್‌ಹೌಸ್ ಹಿಲ್ ಎಲ್ಲ ನಮ್ಮ ಹೆಸರುಗಳೇ. ಪುಸ್ತಕ ಏಳು ದಿನಗಳ ಪ್ರವಾಸಿ ಕೈಪಿಡಿಯ ವೇಷ ತೊಟ್ಟಿದೆ. ಕೈಪಿಡಿಯ ನಯದ ಮಾತನ್ನು ಓದಿದ ಕೂಡಲೇ ಅದರ ಬೆನ್ನಿಗಿರುವ ಕತೆಯನ್ನೂ ಓದಿ. ಪ್ರವಾಸಿಗೆ ತೋರಿಸುವ ಗುಡ್ಡದಲ್ಲೇ, ಜೆರಾಕ್ಸ್ ಪ್ರತಿಗಳನ್ನು ಮಾರಿ ಮತ್ತೆ ಮತ್ತೆ ಪೊಲೀಸರ ಕೈಗೆ ಸಿಕ್ಕುವವನ ಬದುಕು ನಡೆದಿರುತ್ತದೆ. ಇನ್ನೊಂದು ಕತೆಯ ಪತ್ರಕರ್ತ ಗುರುರಾಜ ಕಾಮತ್, ತನ್ನ ಪತ್ರಿಕೆ ಅಚ್ಚುಹಾಕದ ಸತ್ಯಗಳನ್ನು ರಾತ್ರಿಯ ಕಾವಲುಗಾರನಿಂದ ಕೇಳಿ ತತ್ತರಿಸುತ್ತಾನೆ. ಅಡಿಗರು ಬರೆಯುವುದೇಕೆ ಎಂಬುದು ಇಲ್ಲಿ ನಿಚ್ಚಳವಾಗುತ್ತದೆ.

ಆಮೇಲೆ ‘ದ ವೈಟ್ ಟೈಗರ್’. ಮೊದಲ ಅಧ್ಯಾಯದ ಪೊಲೀಸ್ ಪ್ರಕಟಣೆಯನ್ನು ನಿಧಾನವಾಗಿ ಓದಿ. ಅದರಲ್ಲಿ ಆರೋಪಿಯ ಹೆಸರು, ವಯಸ್ಸು, ಮೈಬಣ್ಣ, ಎತ್ತರ, ಎಲ್ಲ ಇವೆ. ಆರೋಪಿ ಬಲರಾಮನೇ ಸಾಲು ಸಾಲಾಗಿ ಅದಕ್ಕೆ ತಿದ್ದುಪಡಿ, ವಿವರಣೆ ಸೇರಿಸುತ್ತ ಹೋಗುತ್ತಾನೆ. ಮಾಹಿತಿ ಮನುಷ್ಯನಾಗುವುದು ಹೀಗೆ. ಅವನ ಮಾತಿಗೆ ಕರಗಿ, ಆದರೆ ಪೂರ್ತಿ ನಂಬಬೇಡಿ, ಹೇಳುತ್ತಿರುವವನು ಕೊಲೆಗಾರ. ಒಮ್ಮೊಮ್ಮೆ ಅವನ ಬಾಯಲ್ಲಿ ಲೇಖಕರೇ ಮಾತಾಡಿದಂತೆ ಕೇಳುತ್ತದೆ. ಅದನ್ನೂ ಗುರುತಿಸುವುದು ರಸಿಕತೆಯೇ.

ಕೊನೆಗೆ 2020ರ ‘ಆಮ್ನೆಸ್ಟಿ’. ಸಿಡ್ನಿಯಲ್ಲಿ ಕಾಗದಪತ್ರವಿಲ್ಲದೆ ಬದುಕುವ ಶ್ರೀಲಂಕಾದ ತಮಿಳು ಯುವಕ ಡ್ಯಾನಿಗೆ ಒಂದು ಕೊಲೆಯ ಸುಳಿವು ಗೊತ್ತು. ಬಾಯಿಬಿಟ್ಟರೆ ಅವನು ಗಡಿಪಾರು, ಸುಮ್ಮನಿದ್ದರೆ ಕೊಲೆಗಾರ ಪಾರು. ಸುದ್ದಿ ತಿಳಿದವನು ಅದನ್ನು ಹೇಳಲು ಎಷ್ಟು ಬೆಲೆ ತೆರಬೇಕು ಎಂಬ ಪ್ರಶ್ನೆಯನ್ನು ಅಡಿಗರು ಇಲ್ಲಿ ಒಬ್ಬ ಬಡ ಕೆಲಸಗಾರನ ಹೆಗಲಿಗೇರಿಸಿದ್ದಾರೆ.