ತಿಂದ ಕಾಲಾಳು ಅರಗಬೇಕಲ್ಲ!

1851ರಲ್ಲಿ ಲಂಡನ್ನಿನಲ್ಲಿ ಅಡಾಲ್ಫ್ ಆಂಡರ್ಸನ್ ಎರಡು ಆನೆ, ಒಂದು ಬಿಷಪ್, ಕೊನೆಗೆ ರಾಣಿಯನ್ನೂ ಬಲಿಕೊಟ್ಟು ಲಿಯೊನೆಲ್ ಕೀಸರಿಟ್ಸ್ಕಿಯನ್ನು ಮಣಿಸಿದ. ಚದುರಂಗದ ರೊಮ್ಯಾಂಟಿಕ್ ಪಂಥವನ್ನು ಕೊಂಡಾಡುವವರೆಲ್ಲ ಮೊದಲು ಸಾಕ್ಷಿಗೆ ಕರೆಯುವುದು ಈ ‘ಅಮರ ಆಟ’ವನ್ನೇ. ಅದು ಶುರುವಾದದ್ದು ಕಿಂಗ್ಸ್ ಗ್ಯಾಂಬಿಟ್‌ನಿಂದ. ಎರಡನೇ ನಡೆಯಲ್ಲೇ ಎಫ್ ಸಾಲಿನ ಕಾಲಾಳನ್ನು ಎದುರಾಳಿಯ ಬಾಯಿಗಿಡುವ ಆಟ ಅದು.

ಆ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಆ ಕಾಲದ ಸೊಬಗಿಗೆ ಕೊಟ್ಟವರ ಪ್ರತಿಭೆ ಎಷ್ಟು ಕಾರಣವೋ, ತಿಂದವರ ಅವಿವೇಕವೂ ಅಷ್ಟೇ ಕಾರಣ. ಆಟದ ಕೊನೆಯ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿ ನೋಡಿ. ಕೀಸರಿಟ್ಸ್ಕಿಯ ರಾಣಿ ಎ1ರಲ್ಲಿದೆ, ಬಿಷಪ್ ಜಿ1ರಲ್ಲಿದೆ. ಇವೆರಡೂ ತಾವು ಆನೆಯನ್ನು ಹೊಡೆದ ಜಾಗದಲ್ಲೇ ನಿಂತಿವೆ. ಆಚೆ ತುದಿಯಲ್ಲಿ ಅವನ ರಾಜನಿಗೆ ಕಾವಲಿಲ್ಲ. ಅವನ ಆನೆಗಳೆರಡೂ ಮೂಲೆ ಬಿಟ್ಟು ಕದಲಿಲ್ಲ. ಇದನ್ನು ರಕ್ಷಣೆ ಅನ್ನುವುದು ಹೇಗೆ?

ಈ ಕೊರತೆಗೆ ಮದ್ದು ಹುಡುಕಿದವನು 1886ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ ವಿಲ್ಹೆಲ್ಮ್ ಸ್ಟೈನಿಟ್ಸ್. ಕಾಲಾಳನ್ನು ಹೊಡೆ, ದಾಳಿಯನ್ನು ತಾಳಿಕೋ ಎಂಬುದು ಅವನ ಪಾಠ. ಅವನಿಂದ ರೊಮ್ಯಾಂಟಿಕರ ಕತೆ ಮುಗಿಯಿತು ಎಂದು ಬರೆಯುವುದು ವಾಡಿಕೆ. ಆದರೆ ನಿಜವಾದ ಜಾಣತನ ಅವನ ನಂತರ ಬಂದ ಇಮ್ಯಾನುಯೆಲ್ ಲಾಸ್ಕರ್‌ನದು. ಕಾಲಾಳನ್ನು ಬಲಿಕೊಟ್ಟು ದಾಳಿಗಿಳಿಯುವ ಇನ್ನೊಂದು ಆರಂಭವಾದ ಇವಾನ್ಸ್ ಗ್ಯಾಂಬಿಟ್‌ನಲ್ಲಿ ಅವನು ತಿಂದ ಕಾಲಾಳನ್ನು ಹಿಂದಿರುಗಿಸಿ, ರಾಜನಿಗೆ ನೆಮ್ಮದಿಯನ್ನೂ ಗಟ್ಟಿಯಾದ ಕಾಲಾಳು ಸಾಲನ್ನೂ ಕೊಂಡುಕೊಳ್ಳುತ್ತಿದ್ದ. ಇದಾದ ಮೇಲೆ ದಾಳಿಗಾರನಿಗೆ ದಾಳಿಯೂ ಉಳಿಯುತ್ತಿರಲಿಲ್ಲ, ಲಾಭವೂ ಉಳಿಯುತ್ತಿರಲಿಲ್ಲ.

ಆದರೂ ಕೊಡದೆ ಹಿಡಿದುಕೊಂಡು ಗೆದ್ದ ಉದಾಹರಣೆಯೂ ಇದೆ. 1918ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮಾರ್ಷಲ್, ರೂಯ್ ಲೋಪೆಜ್ ಎಂಬ ಆರಂಭದ ಎಂಟನೇ ನಡೆಯಲ್ಲಿ ಡಿ5ಕ್ಕೆ ಕಾಲಾಳು ನೂಕಿ ಇ5ರ ಕಾಲಾಳನ್ನು ಬಿಟ್ಟುಕೊಟ್ಟ. ಎದುರು ಕೂತಿದ್ದವನು ಕಾಪಾಬ್ಲಾಂಕಾ. ಹನ್ನೊಂದನೇ ನಡೆಗೆ ಅವನ ಒಂದು ಆನೆ ಇ5ರಲ್ಲಿ ಒಂಟಿಯಾಗಿತ್ತು; ರಾಣಿ ಬದಿಯ ಆನೆ, ಕುದುರೆ, ಬಿಷಪ್ ಮೂರೂ ಇನ್ನೂ ಮನೆಯಲ್ಲೇ. ಮಾರ್ಷಲ್‌ನ ಕಪ್ಪು ಪಡೆ ಅವನ ರಾಜನ ಮೇಲೆ ಮುಗಿಬಿತ್ತು. ಕಾಪಾಬ್ಲಾಂಕಾ ಒಂದೊಂದೇ ಸರಿಯಾದ ನಡೆ ಹುಡುಕುತ್ತ ಹೋಗಿ 36ನೇ ನಡೆಯಲ್ಲಿ ಗೆದ್ದ. ಆ ಶಾಂತಚಿತ್ತ ನಮ್ಮಲ್ಲಿ ಎಷ್ಟು ಜನಕ್ಕಿದೆ? ಸೋತ ಮಾರ್ಷಲ್‌ನ ದಾಳಿಯೇ ಮುಂದೆ ಗ್ರ್ಯಾಂಡ್‌ಮಾಸ್ಟರುಗಳ ಆಯುಧವಾಯಿತು. ಅದರ ಗೊಡವೆಯೇ ಬೇಡವೆಂದು ಬಿಳಿ ಕಾಯಿಯವರು ಇಂದು ಮೊದಲೇ ಬೇರೆ ದಾರಿ ಹಿಡಿಯುತ್ತಾರೆ.

ದುರಾಸೆಗೆ ಪಾಠ ಬೇಕಿದ್ದರೆ ಬಾಬಿ ಫಿಶರ್ ಇದ್ದಾನೆ. 1961ರಲ್ಲಿ ಕಿಂಗ್ಸ್ ಗ್ಯಾಂಬಿಟ್ ಸೋಲುವ ಆಟವೆಂದು ಲೇಖನ ಬರೆದು, ಆಮೇಲೆ ತಾನೇ ಅದನ್ನು ಆಡಿ ಗೆದ್ದವನು! 1972ರ ರೇಕ್ಯಾವಿಕ್ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 11ನೇ ಆಟದಲ್ಲಿ ಅವನ ರಾಣಿ ಬಿ2ರ ‘ವಿಷದ ಕಾಲಾಳ’ನ್ನು ಹೊಡೆಯಿತು. ಎದುರಾಳಿ ಸ್ಪಾಸ್ಕಿ 14ನೇ ನಡೆಯಲ್ಲಿ ಕುದುರೆಯನ್ನು ಹಿಂದಕ್ಕೆ, ಬಿ1ಕ್ಕೆ ಎಳೆದ. ಕೊನೆಗೆ ರಾಣಿ ಬಲೆಗೆ ಬಿತ್ತು, ಆಟವೂ ಹೋಯಿತು. ಹಾಗೆಂದು ಹಳೆಯ ಗ್ಯಾಂಬಿಟ್‌ಗಳು ಸತ್ತಿವೆ ಎನ್ನುವಂತೆಯೂ ಇಲ್ಲ. ಇವಾನ್ಸ್ ಗ್ಯಾಂಬಿಟ್ ಮ್ಯೂಸಿಯಂ ಸೇರಿತೆಂದು ಜನ ನಂಬಿದ್ದಾಗ, 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್ ಅದನ್ನೇ ಆಡಿ ನಮ್ಮ ವಿಶ್ವನಾಥನ್ ಆನಂದರನ್ನು 25 ನಡೆಗಳಲ್ಲಿ ಸೋಲಿಸಿದ.

ಇಂದಿನ ಚದುರಂಗದ ಕಂಪ್ಯೂಟರ್ ಎಂಜಿನ್ ಬಹುಪಾಲು ಹಳೆಯ ಗ್ಯಾಂಬಿಟ್‌ಗಳಲ್ಲಿ ತಿಂದವನ ಪರವಾಗಿಯೇ ತೀರ್ಪು ಕೊಡುತ್ತದೆ. ಅದಕ್ಕೆ ಗಡಿಯಾರದ ಆತಂಕವಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ನಮಗೆ ಎರಡೂ ಉಂಟು. ಆದ್ದರಿಂದ ಗ್ಯಾಂಬಿಟ್ ಎದುರಾದರೆ ಕಾಲಾಳನ್ನು ಧಾರಾಳವಾಗಿ ಹೊಡೆಯಿರಿ. ಆದರೆ ಎರಡನೆಯದಕ್ಕೆ ಕೈ ಹಾಕುವ ಮುಂಚೆ ನಿಮ್ಮ ಕುದುರೆ, ಬಿಷಪ್‌ಗಳನ್ನು ಹೊರತಂದು ಕ್ಯಾಸಲ್ ಮಾಡಿಕೊಳ್ಳಿ.