ಬರ್ಫಿ ಬೇಡ, ಬಾಳೆಹಣ್ಣು ಇರಲಿ

ಮ.ಸಾ.ಅ., ಲ.ಸಾ.ಅ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಎರಡು ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣಗೆ ಏನೋ ಕಲಕುತ್ತದೆ. ಮೊದಲನೆಯದರ ಬಾಲದ ‘ಅ’ ಅಪವರ್ತನ, ಎರಡನೆಯದರ ಬಾಲದ ‘ಅ’ ಅಪವರ್ತ್ಯ. ಪರೀಕ್ಷೆಯ ಗಡಿಬಿಡಿಯಲ್ಲಿ ಯಾವ ‘ಅ’ ಯಾವುದೆಂದು ಯಾರಿಗೆ ನೆನಪಿರುತ್ತದೆ? ಸಾಲದ್ದಕ್ಕೆ, ‘ಮಹತ್ತಮ’ ಎಂದು ಮೀಸೆ ತಿರುವುವುದು ಚಿಕ್ಕ ಸಂಖ್ಯೆ, ‘ಲಘುತಮ’ ಎಂದು ಮೈ ಮುದುಡಿ ನಿಲ್ಲುವುದು ದೊಡ್ಡ ಸಂಖ್ಯೆ. 12 ಮತ್ತು 18 ತೆಗೆದುಕೊಳ್ಳಿ: ಮಹತ್ತಮ 6, ಲಘುತಮ 36. ಮಕ್ಕಳು ತಿರುವು ಮುರುವು ಮಾಡಿದರೆ ಬೈಯಬೇಕಾದ್ದು ಮಕ್ಕಳನ್ನಲ್ಲ.

ರಾಮಮೂರ್ತಿ ನಗರದ ನಮ್ಮ ಮನೆಯ ಟೆರೇಸಿನಲ್ಲಿ, ಶೀಟಿನ ನೆರಳಲ್ಲಿ, ಭಾನುವಾರ ಬೆಳಿಗ್ಗೆ ಬಂದು ಕೂರುವ ಏಳೆಂಟು ಹುಡುಗ ಹುಡುಗಿಯರು ಇಂಗ್ಲಿಷ್ ಮಾಧ್ಯಮದವರು. ಅವರ ಬಾಯಲ್ಲಿ ಮ.ಸಾ.ಅ. ಎಚ್‌ಸಿಎಫ್, ಲ.ಸಾ.ಅ. ಎಲ್‌ಸಿಎಂ. ಮನೆಯಲ್ಲಿ ಕನ್ನಡ, ತೆಲುಗು, ತಮಿಳು. ಮೂರು ಭಾಷೆಯಲ್ಲೂ ಎಚ್‌ಸಿಎಫ್ ಎಂದರೆ ಮುಖ ಕಿವುಚುವುದು ಒಂದೇ ಥರ. ಎಂಟರಿಂದ ಹತ್ತನೇ ಕ್ಲಾಸಿನ ವಯಸ್ಸು ಬೇರೆ. ‘ಬನ್ನಿ, ಗಣಿತ ಮೋಜಿನದು’ ಎಂದು ಕರೆದರೆ ಈ ವಯಸ್ಸಿನವರು ಬರುವುದಿಲ್ಲ. ಮೋಜು ಎಂಬ ಮಾತು ಕೇಳಿದೊಡನೆ ಮೋಸ ಎಂದು ಗೊತ್ತಾಗುವಷ್ಟು ದೊಡ್ಡವರಾಗಿರುತ್ತಾರೆ. ಅವರಿಗೆ ಬೇಕಿರುವುದು ಗೆಲ್ಲಲಿಕ್ಕೆ ಏನಾದರೂ ಒಂದು.

ಹಾಗಾಗಿ ಒಗಟನ್ನು ತೂಗಲು ನನ್ನದೊಂದು ತಕ್ಕಡಿ ಇದೆ. ಒಗಟು ಹೇಳುವಾಗ ಮ.ಸಾ.ಅ. ಎಂಬ ಹೆಸರು ಬರಬಾರದು. ಬಿಡಿಸುತ್ತ ಹೋದಾಗ ಅದು ತಾನೇ ಕಾಲಿಗೆ ಸಿಕ್ಕಬೇಕು. ಈ ತಕ್ಕಡಿಯಲ್ಲಿ ಪಠ್ಯಪುಸ್ತಕದ ಬಹುಪಾಲು ‘ಒಗಟು’ಗಳು ತೂಗುವುದಿಲ್ಲ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ಪುಸ್ತಕದಲ್ಲಿ ಬಹಳ ವರ್ಷ ಒಬ್ಬಳು ಮಿಠಾಯಿ ಅಂಗಡಿಯವಳಿದ್ದಳು. ಅವಳ ಬಳಿ 420 ಗೋಡಂಬಿ ಬರ್ಫಿ, 130 ಬಾದಾಮಿ ಬರ್ಫಿ. ಎರಡನ್ನೂ ಬೇರೆ ಬೇರೆಯಾಗಿ, ಒಂದೊಂದು ಅಟ್ಟಿಯಲ್ಲೂ ಅಷ್ಟಷ್ಟೇ ಇರುವಂತೆ ಜೋಡಿಸಬೇಕು. ಒಂದು ಅಟ್ಟಿಯಲ್ಲಿ ಅತಿ ಹೆಚ್ಚೆಂದರೆ ಎಷ್ಟು? ಉತ್ತರ 10. ಆದರೆ ಯಾವ ಅಂಗಡಿಯವರು ಹಾಗೆ ಜೋಡಿಸುತ್ತಾರೆ? ಲೆಕ್ಕಕ್ಕೆ ಬರ್ಫಿಯ ವೇಷ ತೊಡಿಸಿದ್ದಷ್ಟೆ. ಹುಡುಗರು ‘ಅತಿ ಹೆಚ್ಚು’ ಎಂಬ ಪದ ಕಂಡರೆ ಎಚ್‌ಸಿಎಫ್, ‘ಮತ್ತೆ ಯಾವಾಗ ಒಟ್ಟಿಗೆ’ ಎಂದು ಕಂಡರೆ ಎಲ್‌ಸಿಎಂ ಎಂದು ಗುರುತು ಹಾಕಿಕೊಂಡಿರುತ್ತಾರೆ. ಈಚೆಗೆ ಪಾಠ ಕಡಿತ ಮಾಡುವಾಗ ಬರ್ಫಿ ಹೋಯಿತು, ಸಂತೋಷ. ಜೊತೆಗೆ ಯೂಕ್ಲಿಡ್‌ನ ಭಾಗಾಕಾರದ ಭಾಗವೂ ಹೋಯಿತು. ಅದು ನಷ್ಟ.

ಆ ನಷ್ಟವನ್ನು ತುಂಬಿಕೊಳ್ಳಲು ನಾನು ಆಡಿಸುವುದು ಕಳೆಯುವ ಆಟ. ಕಪ್ಪು ಹಲಗೆಯ ಮೇಲೆ ಎರಡು ಸಂಖ್ಯೆ, 42 ಮತ್ತು 30 ಎನ್ನಿ. ಇಬ್ಬರು ಆಟಗಾರರು. ಹಲಗೆಯ ಮೇಲಿರುವ ಯಾವುದಾದರೂ ಎರಡರ ವ್ಯತ್ಯಾಸವನ್ನು ಬರೆಯಬೇಕು. ಅದು ಮೊದಲೇ ಅಲ್ಲಿ ಇರಬಾರದು. ಬರೆಯಲು ಏನೂ ಉಳಿಯದವರು ಸೋತರು. ಒಬ್ಬ 12 ಬರೆಯುತ್ತಾನೆ, ಇನ್ನೊಬ್ಬಳು 18, ಅವನು 6, ಅವಳು 24, ಅವನು 36. ಮುಗಿಯಿತು, ಅವಳು ಸೋತಳು. ಸಂಖ್ಯೆ ಆರಿಸುವುದು ಅವರೇ; ಯಾರು ಮೊದಲು ಶುರು ಮಾಡಬೇಕು ಎಂಬುದು ಮಾತ್ರ ನನ್ನ ಕೈಯಲ್ಲಿ. ಸತತ ಆರು ಆಟ ನಾನೇ ಗೆದ್ದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗ ಎದ್ದು ನಿಂತ. ‘ಅಂಕಲ್, ನೀವು ಏನೋ ಮಾಡ್ತಿದೀರ.’

ಪಾಠ ಶುರುವಾಗುವುದು ಆ ಮಾತಿನಿಂದ. ಮುಗಿದ ಹಲಗೆಯನ್ನು ನೋಡಿದರು: 6, 12, 18, 24, 30, 36, 42. ಆರರ ಮಗ್ಗಿ! ಹೇಗೇ ಆಡಿ, ಎಷ್ಟೇ ಜಾಣತನ ತೋರಿಸಿ, ಕೊನೆಗೆ ಹಲಗೆಯ ಮೇಲೆ ಅದೇ ಏಳು ಸಂಖ್ಯೆ. ಎರಡನ್ನು ಮೊದಲೇ ಬರೆದಾಗಿದೆ, ಉಳಿದದ್ದು ಐದು ನಡೆ, ಐದು ಬೆಸ. ಮೊದಲು ಆಡಿದವರದೇ ಗೆಲುವು. 48, 30 ಆದರೆ ಮಗ್ಗಿಯಲ್ಲಿ ಎಂಟು, ಉಳಿದ ನಡೆ ಆರು; ಎರಡನೆಯವರ ಗೆಲುವು. ಅರ್ಧ ಗಂಟೆಯಲ್ಲಿ ಅವರೇ ಕಂಡುಕೊಂಡರು: ಆಟ ಆಡುವುದೇ ಬೇಡ, ಆ ‘ಮಗ್ಗಿಯ ಸಂಖ್ಯೆ’ ಯಾವುದೆಂದು ಗೊತ್ತಾದರೆ ಸಾಕು. ಅದಕ್ಕೆ ಎಚ್‌ಸಿಎಫ್ ಎನ್ನುತ್ತಾರೆ ಎಂದು ಹತ್ತನೇ ಕ್ಲಾಸಿನವಳೊಬ್ಬಳು ಗೊಣಗಿದಳು, ಹಳೆಯ ಶತ್ರುವಿನ ಹೆಸರು ಹೇಳಿದಂತೆ.

ಅಪವರ್ತನದ ಮರ ಬಿಡಿಸುವುದರಲ್ಲಿ ಪಳಗಿದವರಿಗೆ ಇಲ್ಲೊಂದು ಬಿಸಿ ಮುಟ್ಟಿಸಬೇಕು. 1147 ಮತ್ತು 899 ಕೊಡಿ. 2, 3, 5, 7, 11, 13 ಯಾವುದೂ ಹೋಗುವುದಿಲ್ಲ. ಹತ್ತು ನಿಮಿಷದಲ್ಲಿ ‘ಎರಡಕ್ಕೂ ಒಂದೇ ಸಾಮಾನ್ಯ’ ಎಂದು ಕೈಚೆಲ್ಲುತ್ತಾರೆ. ಕಳೆಯುವ ಆಟದವರು ಆ ಹೊತ್ತಿಗೆ 248 ಕಂಡು, 899ರಿಂದ ಅದನ್ನು ಮೂರು ಸಲ ಕಳೆದು 155, ಆಮೇಲೆ 93, 62, 31 ಎಂದು ಇಳಿದು ಕುಳಿತಿರುತ್ತಾರೆ. ಯೂಕ್ಲಿಡ್ ತನ್ನ ಏಳನೆಯ ಪುಸ್ತಕದಲ್ಲಿ ಹೇಳುವುದು ಇದನ್ನೇ. ನಮ್ಮಲ್ಲಿ ಆರ್ಯಭಟ 499ರಲ್ಲಿ ಇದೇ ಪರಸ್ಪರ ಭಾಗಾಕಾರವನ್ನು ಮುಂದೊಯ್ದ. ಆಮೇಲಿನವರು ಆ ವಿಧಾನವನ್ನು ‘ಕುಟ್ಟಕ’ ಎಂದರು. ಕುಟ್ಟಿ ಕುಟ್ಟಿ ಪುಡಿ ಮಾಡುವುದು. ಕನ್ನಡದ ಕಿವಿಗೆ ವಿವರಣೆಯೇ ಬೇಡ, ಒರಳಿಗೆ ಒನಕೆ ಬಿದ್ದ ಸದ್ದು ಕೇಳಿಸುತ್ತದೆ.

ಕುಟ್ಟಕದ ಮಾತು ಬಂದ ಮೇಲೆ ನೃಪತುಂಗನ ರಾಜಧಾನಿ ಮಳಖೇಡಕ್ಕೆ ಹೋಗದೆ ಇರಲಾಗುವುದಿಲ್ಲ. ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಲ.ಸಾ.ಅ.ಕ್ಕೆ ಅವನಿಟ್ಟ ಹೆಸರು ‘ನಿರುದ್ಧ’. ನಮ್ಮ ಮೂರು ಅಕ್ಷರ ಮೂರು ಚುಕ್ಕಿಗಿಂತ ಎಷ್ಟೋ ವಾಸಿ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದ ಆ ಪುಸ್ತಕದಲ್ಲಿ ಒಂದು ಬಾಳೆಹಣ್ಣಿನ ಲೆಕ್ಕವಿದೆ. ಕಾಡಿನಂಚಿನಲ್ಲಿ ಸಮಸಮವಾದ 63 ರಾಶಿ ಬಾಳೆಹಣ್ಣು, ಪಕ್ಕದಲ್ಲಿ ಬಿಡಿಯಾಗಿ 7. ಎಲ್ಲವನ್ನೂ 23 ದಾರಿಹೋಕರು ಸಮವಾಗಿ ಹಂಚಿಕೊಂಡರು. ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ಹುಡುಗರು ಒಂದೊಂದೇ ಹಾಕಿ ನೋಡುತ್ತಾರೆ. ರಾಶಿಗೆ ಒಂದಾದರೆ 70, ಆಗದು. ಎರಡಾದರೆ 133, ಆಗದು. ಐದಕ್ಕೆ ಬಂದಾಗ 322, ತಲೆಗೆ 14. ಚಪ್ಪಾಳೆ. ರಾಶಿಗೆ 28 ಇಟ್ಟರೂ ಸರಿಹೋಗುತ್ತದೆ ಎಂದು ಯಾರಾದರೂ ಕೂಗಿದರೆ ಅವರಿಗೆ ಇನ್ನೊಂದು ಚಪ್ಪಾಳೆ. ನನ್ನ ಕಿತಾಪತಿ ಇರುವುದು ಆಮೇಲೆ. ದಾರಿಹೋಕರಲ್ಲಿ ಇಬ್ಬರನ್ನು ಮನೆಗೆ ಕಳಿಸಿ 21 ಮಾಡುತ್ತೇನೆ. ಈಗ ರಾಶಿಗೆ ಎಷ್ಟು? ಐವತ್ತರವರೆಗೂ ಹಾಕಿ ನೋಡಿದ ಹಟವಾದಿಗಳಿದ್ದಾರೆ. ಹತ್ತಿರಕ್ಕೂ ಬರುವುದಿಲ್ಲ; ಯಾವಾಗಲೂ ಅದೇ ಏಳು ಹಣ್ಣು ಮಿಕ್ಕು ಅಣಕಿಸುತ್ತದೆ. ರಾಶಿಗಳೆಲ್ಲ 21ಕ್ಕೆ ಲೀಲಾಜಾಲವಾಗಿ ಹೋಗುತ್ತವೆ, ಬಿಡಿ ಏಳು ಹೋಗುವುದಿಲ್ಲ. 24 ಜನ ಮಾಡಿ, ಮತ್ತೆ ಆಗದು. 28 ಮಾಡಿ, ರಾಶಿಗೆ ಮೂರು, ತಲೆಗೆ ಏಳು, ಸಲೀಸು! ಏಕೆ 28ಕ್ಕೆ ಆಗುತ್ತದೆ, 24ಕ್ಕೆ ಆಗುವುದಿಲ್ಲ? 63ಕ್ಕೂ 28ಕ್ಕೂ ಸಾಮಾನ್ಯವಾದದ್ದು 7, ಅದು ಬಿಡಿ ಹಣ್ಣನ್ನೂ ಭಾಗಿಸುತ್ತದೆ. 63ಕ್ಕೂ 24ಕ್ಕೂ ಸಾಮಾನ್ಯವಾದದ್ದು 3, ಏಳಕ್ಕೆ ಅದು ಒಗ್ಗದು. ಬರ್ಫಿಯವಳ ಲೆಕ್ಕದಲ್ಲಿ ಮ.ಸಾ.ಅ. ಉತ್ತರವಾಗಿ ಸುಮ್ಮನೆ ಕೂತಿರುತ್ತದೆ. ಇಲ್ಲಿ ಅದು ಬಾಗಿಲು ಕಾಯುತ್ತದೆ, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎಂದು. ಸಾವಿರದ ನೂರೈವತ್ತು ವರ್ಷ ಹಳೆಯ ಲೆಕ್ಕಕ್ಕೆ ಈ ಕಸುವು ಇರುವಾಗ ಬರ್ಫಿ ಯಾಕೆ ಬೇಕು ಹೇಳಿ.

ಕಾಸು ಖರ್ಚಿಲ್ಲದ ಇನ್ನೊಂದು, ಜೆರಾಕ್ಸ್ ಅಂಗಡಿಯ ಎ4 ಹಾಳೆ. ಉದ್ದ 297 ಮಿಲಿಮೀಟರ್, ಅಗಲ 210. ಮೂಲೆ ಮಡಚಿ ದೊಡ್ಡ ಚೌಕ ಕತ್ತರಿಸಿ. ಉಳಿದ ಪಟ್ಟಿಯಲ್ಲಿ ಎರಡು ಚೌಕ. ಮತ್ತೆ ಉಳಿದುದರಲ್ಲಿ ಎರಡು. ಮತ್ತೆ ಎರಡು. ಕತ್ತರಿ ಕೈಕೊಡುವ ಹೊತ್ತಿಗೆ ಪೆನ್ಸಿಲ್ ಹಿಡಿಯಬೇಕು: 87, 36, 15, 6, 3. ಕೊನೆಯ ಚೌಕ 3 ಮಿಲಿಮೀಟರಿನದು, 297 ಮತ್ತು 210ರ ಮ.ಸಾ.ಅ. ಒಟ್ಟು ಚೌಕ 11: ಒಂದು, ಆಮೇಲೆ ಬರೀ ಎರಡೆರಡು. ಬೇರೆ ಯಾವುದೋ ಆಯತ ಕೊಟ್ಟರೆ ಇಂಥ ಶಿಸ್ತು ಬರುವುದಿಲ್ಲ. ಗುಟ್ಟು ಇಷ್ಟೆ: ಅರ್ಧಕ್ಕೆ ಮಡಚಿದರೂ ಆಕಾರ ಕೆಡಬಾರದೆಂದು 1922ರಲ್ಲಿ ಜರ್ಮನಿಯವರು ಈ ಹಾಳೆಯ ಅಳತೆಯನ್ನು 2ರ ವರ್ಗಮೂಲಕ್ಕೆ ಹೊಂದಿಸಿದರು. ಹೊಂದಿಕೆ ಕೂದಲೆಳೆಯಷ್ಟು ತಪ್ಪಿದ್ದರಿಂದ 3 ಮಿಲಿಮೀಟರಿನಲ್ಲಿ ಆಟ ನಿಂತಿತು. ಕರಾರುವಾಕ್ಕಾಗಿ ಹೊಂದಿದ್ದರೆ? ಎರಡು, ಎರಡು, ಎರಡು ಎಂದು ಎಂದೆಂದಿಗೂ ಮುಗಿಯದು; ಉದ್ದಕ್ಕೂ ಅಗಲಕ್ಕೂ ಸಾಮಾನ್ಯವಾದ ಅಳತೆಯೇ ಸಿಗದು. ಹತ್ತನೇ ಕ್ಲಾಸಿನ ವಾಸ್ತವ ಸಂಖ್ಯೆಗಳ ಪಾಠದಲ್ಲಿ ಮ.ಸಾ.ಅ. ಒಂದು ಕಡೆ, ‘2ರ ವರ್ಗಮೂಲ ಅಭಾಗಲಬ್ಧ’ ಎಂಬ ಸಾಧನೆ ಇನ್ನೊಂದು ಕಡೆ, ಗುರುತು ಪರಿಚಯ ಇಲ್ಲದ ಬಾಡಿಗೆದಾರರ ಹಾಗೆ ಇರುತ್ತವೆ. ಈ ಹಾಳೆಯ ಮೇಲೆ ಅವು ಒಂದೇ ಮನೆಯವು.

ಈಗ ನಮ್ಮ ಬೀದಿಯ ವಿಷಯ. ರಿಂಗ್ ರೋಡಿನ ಗದ್ದಲದಿಂದ ನಾಲ್ಕು ತಿರುವು ಒಳಗೆ ಬಂದರೆ ಬೆಳಿಗ್ಗೆ ಆರಕ್ಕೆ ಇನ್ನೂ ಬಾಗಿಲ ಮುಂದೆ ನೀರು ಚಿಮುಕಿಸುವವರಿದ್ದಾರೆ. ಕೆಲವರದು ಚುಕ್ಕಿ ಸೇರಿಸುವ ನಮ್ಮ ರಂಗೋಲಿ, ಕೆಲವರದು ಚುಕ್ಕಿಯನ್ನು ಸುತ್ತಿ ಬಳಸಿ ಹೋಗುವ ಎಳೆ, ತಮಿಳಿನವರು ಸಿಕ್ಕು ಕೋಲಂ ಎನ್ನುವುದು. ಎಳೆ ಎರಡು ಚುಕ್ಕಿಯ ನಡುವೆ ಓರೆಯಾಗಿ ನುಸುಳುತ್ತ, ಅಂಚಿಗೆ ಬಂದಲ್ಲಿ ಬಾಗಿ ಒಳಗೆ ತಿರುಗುತ್ತದೆ. ಆಯತಾಕಾರಕ್ಕೆ ಚುಕ್ಕಿ ಇಟ್ಟು ಹೀಗೆ ಬಿಡಿಸಿದರೆ, ಎಷ್ಟು ಪ್ರತ್ಯೇಕ ಎಳೆ ಬೇಕಾಗುತ್ತದೆ ಎಂಬುದು ಸಾಲು ಮತ್ತು ಕಂಬಸಾಲುಗಳ ಮ.ಸಾ.ಅ. ಮೂರಕ್ಕೆ ಮೂರು ಇಟ್ಟರೆ ಮೂರು ಎಳೆ, ಐದಕ್ಕೆ ಏಳು ಇಟ್ಟರೆ ಒಂದೇ ಎಳೆ. ಜ್ಯಾಮಿತಿ ಪೆಟ್ಟಿಗೆ ಬೇಡ, ಹಿಟ್ಟು ಸಾಕು.

ಹೋದ ತಿಂಗಳು ಕಳೆಯುವ ಆಟದಲ್ಲಿ ಸೋತ ಹುಡುಗಿಗೆ ಇದನ್ನು ಮಾಡಿ ನೋಡಲು ಹೇಳಿದ್ದೆ. ಬೆಳಿಗ್ಗೆ ಹಾಲಿಗೆ ಹೊರಟವನು ಕಂಡೆ: ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ನಾಲ್ಕು ಸಾಲು, ಸಾಲಿಗೆ ಆರು ಚುಕ್ಕಿ. ಒಂದು ಎಳೆ ಸುತ್ತಿ ಬಂದು ಹೊರಟಲ್ಲಿಗೇ ಸೇರಿಕೊಂಡಿದೆ, ಚುಕ್ಕಿಗಳ ಸುತ್ತ ಅರ್ಧದಷ್ಟು ಇನ್ನೂ ಖಾಲಿ. ಎರಡನೆಯ ಎಳೆಗೆ ಕೈ ಹಾಕುವುದರಲ್ಲಿದ್ದಳು. ಅವಳ ಪಾಟಿ, ಅಂದರೆ ಅಜ್ಜಿ, ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಶಾಲೆ ಕಂಡವರಲ್ಲ.

‘ನಾಲ್ಕಕ್ಕೆ ಆರು ಇಟ್ರೆ ಎರಡಾಗತ್ತೆ ಕಣಮ್ಮಾ,’ ಎಂದರು. ‘ಇನ್ನೊಂದು ಸಾಲು ಇಡು, ಒಂದೇ ಎಳೇಲಿ ಮುಗಿಯತ್ತೆ.’

ಹುಡುಗಿ ನನ್ನ ಕಡೆ ನೋಡಿದಳು. ನಾನು ಹಾಲು ತರಲು ಹೊರಟೆ.